ಸಕ್ಕರೆ ಮಂಡಿ

ಬೆಳಿಗ್ಗೆ ಆಟೋ ಮೈಕ್ ಹಿಡಿದು, ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಬರೋದನ್ನ ಕೂಗುವ ಹೆಂಗಸಿನ ಹಾಗೇ ಮೂಗಿನಲ್ಲಿ ಎಳೆದಿದ್ದೆ: "ದಯವಿಟ್ಟು ಗಮನಿಸಿ! ಸಕ್ಕರೆ ಮತ್ತು ಮಂಡಿ ತೊಂದರೆ ಇರುವ ಕುಟುಂಬದವರು ಸಂಜೆ ಐದರೊಳಗೆ ಸಮುದಾಯ ಭವನಕ್ಕೆ ಬರತಕ್ಕದ್ದು!"

ರಕ್ತದ ಸಕ್ಕರೆಗೂ ಕೀಲುಬೇನೆಗೂ ವಂಶವಾಹಿಯಲ್ಲೇ ನಂಟಿದೆಯೇ ಅಂತ ಹುಡುಕುವ ಅಧ್ಯಯನ ನಮ್ಮದು. ಎರಡೂ ಇರುವ ಅಣ್ಣತಮ್ಮ ಅಕ್ಕತಂಗಿಯರ ನಲವತ್ತು ಕುಟುಂಬ ಬೇಕು. ಎರಡು ತಿಂಗಳು ಹಗರೆ, ಗೆಂಡೆಹಳ್ಳಿ ಅಂತ ಊರೂರು ಅಲೆದು ಮೂವತ್ತೊಂಬತ್ತು ಸಿಕ್ಕಿದ್ದವು. ಇವತ್ತೇ ಕಡೇ ದಿನ. ಒಂದು ಕಮ್ಮಿಯಾದರೂ ಮೇಲಿನವರು ನಮ್ಮ ಭಾಗವನ್ನೇ ಅಧ್ಯಯನದಿಂದ ಕೈಬಿಡುತ್ತಾರೆ. ಅಷ್ಟೂ ಜನ ಕೊಟ್ಟ ರಕ್ತ ವ್ಯರ್ಥ.

ನಾಲ್ಕೂವರೆಗೆ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪ, ಅವರ ತಮ್ಮ ಮರಿಯಣ್ಣ, ಅಕ್ಕ ಸುಮಿತ್ರಮ್ಮ ಬಂದರು. ಷಡಕ್ಷರಪ್ಪನವರ ಕೈಯಲ್ಲೊಂದು ಅರ್ಜಿ.

"ನಮ್ ಮಂಡಿ ಮುಂದೆ ದಿನಾ ಲಾರಿ ತಂದ್ ನಿಲ್ಲಿಸ್ತಾರೆ ಕಣಮ್ಮ. ಸಕ್ಕರೆ ಮಂಡಿಯೋರು ಬರೋಕ್ ಮುಂಚೆ ನಮ್ದು ಬರ್ಕಳಿ."

ನಾನು ಕರೆದದ್ದು ಮೊಣಕಾಲ ಮಂಡಿ, ಬಂದದ್ದು ಕೊಬ್ಬರಿ ಮಂಡಿ! ನಮ್ಮ ತಂಡದ ಡಾಕ್ಟರ್ ಮಾಲಿನಿ ನನ್ನನ್ನು ನುಂಗುವ ಹಾಗೆ ನೋಡಿದರು. "ಕೂತ್ಕೊಳಿ, ಟೀ ಕುಡೀರಿ," ಅಂದೆ.

ಮೂವರೂ ಎಡಮಂಡಿ ಹಿಡಿದು, "ಶಿವನೇ..." ಅಂತ ಒಂದೇ ರಾಗದಲ್ಲಿ ಕೂತರು. ಟೀ ಬಂದಾಗ ಒಟ್ಟಿಗೇ ಅಂದರು: "ಸಕ್ಕರೆ ಬ್ಯಾಡ!"

ಮಾಲಿನಿ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ನಯನಾ, ನಲವತ್ತು ಕಣೇ!"

ವಿಷಯ ಹೇಳಿದ್ದೇ ತಡ, ಷಡಕ್ಷರಪ್ಪ ಸಿಡಿದರು. "ವಂಶದಲ್ಲೇ ಐತೆ ಅಂತ ಬರ್ಕೊಡ್ಬೇಕಾ? ಮದುವೆಗಿರೋ ಮಗಳವ್ಳೆ ಮನೇಲಿ. ಏಳ್ಲಾ ಮರಿಯಣ್ಣ!"

"ಹೆಸರು ಎಲ್ಲೂ ಬರಲ್ಲ ಸಾರ್, ಬರೀ ನಂಬರ್ರು!" ಅಂದೆ.

ಕೇಳಲಿಲ್ಲ. ಕುಂಟುತ್ತಾ ಬಾಗಿಲಿಗೆ ಹೊರಟೇಬಿಟ್ಟರು. ಐದಕ್ಕೆ ಹತ್ತೇ ನಿಮಿಷ.

"ನಿಂತ್ಕಳ್ಲಾ!" ಸುಮಿತ್ರಮ್ಮ ಗದರಿದರು. "ಅಪ್ಪಯ್ಯನೂ ಹಿಂಗೇ ಮುಚ್ಚಿಟ್ಕಂಡೇ ಹೋದ. ಯಾಕ್ ಬತ್ತದೆ ಅಂತ ನಮ್ ಮಕ್ಕಳಿಗಾದ್ರೂ ತಿಳೀಬೇಡ್ವಾ? ಗುಟ್ಟಂತೆ ಗುಟ್ಟು! ನೀನ್ ನಡೆಯೋದ್ ನೋಡಿದ್ರೆ ಇಡೀ ಮಾರ್ಕೆಟ್ಟಿಗೇ ಗೊತ್ತಾಯ್ತದೆ." ಸೆರಗು ಸರಿಸಿ ತೋಳು ಚಾಚಿದರು. "ಚುಚ್ಚವ್ವ."

ಮರಿಯಣ್ಣನೂ ತೋಳು ಚಾಚಿದರು. ಷಡಕ್ಷರಪ್ಪ ಹೊಸ್ತಿಲ ಮೇಲೇ ನಿಂತಿದ್ದರು. ಆಮೇಲೆ ಮೆಲ್ಲಗೆ ತಿರುಗಿ, ಅಂಗಿ ತೋಳು ಮಡಿಸುತ್ತಾ ಬಂದರು.

"ದಯವಿಟ್ಟು ಗಮನಿಸಿ," ಮತ್ತೆ ಮೂಗೆಳೆದೆ, "ನಲವತ್ತನೇ ಕುಟುಂಬ ಒಂದನೇ ಪ್ಲಾಟ್‌ಫಾರಂಗೆ ಆಗಮಿಸುತ್ತಿದೆ!"

ಗಂಟಿಕ್ಕಿದ್ದ ಮುಖ ಸಡಿಲವಾಯಿತು. ಫಾರಂ ಬಿಡಿಸಿ ಕೇಳಿದೆ: "ಮಂಡಿ ತೊಂದರೆ ಎಷ್ಟು ವರ್ಷದಿಂದ ಸಾರ್?"

"ಯಾವ್ ಮಂಡಿದು?" ಅಂದರು, ಲಾರಿ ಅರ್ಜಿಯನ್ನು ನನ್ನ ಕೈಗೆ ತುರುಕುತ್ತಾ.