ಎಮ್ಮೆ ಎಳೆದ ವಾಟರ್ ಸ್ಕೀಯಿಂಗ್

ಕಿರುಗಾವಲಿನ ಸಂತೋಷ್ ಊರ ಕೆರೆಯಲ್ಲಿ ವಾಟರ್ ಸ್ಕೀಯಿಂಗ್ ಶುರುಮಾಡಲು ಮೋಟಾರ್ ಬೋಟು ತಂದಾಗ ಮಲ್ಲಿಗಮ್ಮ ಏರಿಯ ಮೇಲೆ ಅಡ್ಡ ನಿಂತಳು. ಜೊಂಡಿನಲ್ಲಿ ನೀರುಕೋಳಿಗಳು ಕಾವಿಗೆ ಕೂತಿದ್ದವು.

"ಸದ್ದಾದ್ರೆ ಅವು ಗೂಡು ಬುಟ್ಟು ಓಯ್ತವೆ ಕಣ್ಲಾ."

"ಸದ್ದಿಲ್ದಂಗೆ ಎಳ್ಸಿದ್ರೆ, ಅಕ್ಕ?"

"ಎಳಸ್ಕೋ ಓಗು."

ಸಂತೋಷ್ ಅವಳದೇ ಎಮ್ಮೆಗೆ ಹಗ್ಗ ಕಟ್ಟಿ, ಕಾಲಿಗೆ ಹಲಗೆ ಬಿಗಿದು, ಹೆಲ್ಮೆಟ್ ಹಾಕಿ ಹಿಂದೆ ನಿಂತ. ಎಮ್ಮೆ ಗಂಭೀರವಾಗಿ ಕೆರೆಗಿಳಿದು, ಹಿತವೆನಿಸಿದ ಕಡೆ ಮಲಗಿಬಿಟ್ಟಿತು. ಸಂತೋಷ್ ಸೊಂಟದವರೆಗೂ ಕೆಸರಲ್ಲಿ ಹೂತುಕೊಂಡ. ಅವನ ಹೆಲ್ಮೆಟ್ಟಿನ ಮೇಲೆ ನೀರುಕಾಗೆಯೊಂದು ಕೂತು ರೆಕ್ಕೆ ಒಣಗಿಸತೊಡಗಿತು.

"ಇದನ್ನ ಓಡ್ಸಕ್ಕ!" ಎಂದು ಅವನು ಪಿಸುಗುಟ್ಟಿದ.

"ಒಣಗ್ಲಿ ಇರ್ಲಾ," ಎಂದ ಮಲ್ಲಿಗಮ್ಮ ಬಾಯಿಗೆ ಸೆರಗೊತ್ತಿಕೊಂಡು ನಕ್ಕಳು.

ಹಾಲು ಕರೆಯುವ ಹೊತ್ತಿಗೆ ಎಮ್ಮೆ ತಾನಾಗಿ ಎದ್ದು ಮನೆಗೆ ಹೊರಟಿತು. ಹಗ್ಗ ಬಿಡದ ಸಂತೋಷ್ ಕೂಡ ಹಿಂದೆಯೇ ಜಾರುತ್ತ ಬಂದ.