ಎಂಟು ಹೆಜ್ಜೆಯ ತುದಿಗೆ

ಆರು, ಏಳು, ಎಂಟು, ತಿರುಗಿತು, ಅಲ್ಲಿ ಸರಳಿಲ್ಲ, ಗೋಡೆಯಿಲ್ಲ, ಹುಲ್ಲು ಇನ್ನೂ ಎಷ್ಟೋ ಮಾರು ಹಾಗೇ ಹರಡಿಕೊಂಡಿದೆ, ಆದರೂ ಯಾರೋ ಗೆರೆ ಕೊರೆದಿಟ್ಟ ಹಾಗೆ ಎಂಟಕ್ಕೆ ಸರಿಯಾಗಿ ಕತ್ತು ಹೊರಳಿಸಿ ಮುದಿ ಕರಡಿ ಕರೆವ್ವ ತಿರುಗಿಬಿಟ್ಟಿತು, ಈಗ ಇತ್ತ, ತನ್ನ ಕಡೆ, ಒಂದು, ಎರಡು — ಸುಮನ ಗಡಿಯಾರ ನೋಡಿದಳು, ಹನ್ನೊಂದು ಇಪ್ಪತ್ತು, ಮೊಣಕಾಲ ಮೇಲಿನ ಹಾಳೆಯಲ್ಲಿ ಗುರುತು ಹಾಕಬೇಕು, ಹತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಆ ಕ್ಷಣ ಕರಡಿ ಏನು ಮಾಡುತ್ತಿದೆಯೋ ಅದನ್ನಷ್ಟೇ ಬರೆಯುವುದು, ಮಲಗಿದೆ, ತಿನ್ನುತ್ತಿದೆ, ಮಣ್ಣು ಕೆದರುತ್ತಿದೆ, ಸುತ್ತುತ್ತಿದೆ, ನಾಲ್ಕು ಕಾಲಮ್ಮು, ಆರು ದಿನದಿಂದ ಮೂರು ಬಹುತೇಕ ಖಾಲಿ, ನಾಲ್ಕನೆಯದು ಮಾತ್ರ ಇರುವೆ ಹರಿದಂತೆ ಕಪ್ಪಾಗಿದೆ. ಒಂದು ಗುರುತು ಬಾಜೂದ ಕಾಲಮ್ಮಿಗೆ ಸರಿದರೆ ಯಾರಿಗೆ ಗೊತ್ತಾಗುತ್ತದೆ, ಯಾರಿಗೂ ಇಲ್ಲ, ಆದರೆ ಮೂಡಲಗಿಯ ಕಾಲೇಜಿನಲ್ಲಿ ಹುಡುಗಿಯರಿಗೆ ಪ್ರಾಣಿಶಾಸ್ತ್ರ ಕಲಿಸುತ್ತ ಹನ್ನೊಂದು ವರ್ಷದಿಂದ ಹೇಳುತ್ತ ಬಂದವಳು ತಾನೇ, ಕಂಡದ್ದು ಬರೀರಿ, ಅನಿಸಿದ್ದು ಬ್ಯಾಡ. ಇವತ್ತು ಏಳನೆಯ ದಿನ, ರಜೆಯಲ್ಲಿ ತನ್ನನ್ನು ಈ ಕೆಲಸಕ್ಕೆ ಕರೆಸಿದ ಇಲ್ಲಿಯ ಪ್ರಾಣಿವೈದ್ಯೆ ಡಾಕ್ಟರ್ ಶೋಭಾ ನಾಲ್ಕು ಗಂಟೆಗೆ ಬಂದು ಹಾಳೆ ಎಣಿಸುತ್ತಾರೆ, ಅರ್ಧಕ್ಕಿಂತ ಹೆಚ್ಚು ಸುತ್ತಾಟವಿದ್ದರೆ ಈ ಹೊಸ ಬಯಲು ಅದಕ್ಕೆ ಒಗ್ಗಲಿಲ್ಲ ಎಂದರ್ಥ, ದೂರದ ಕರಡಿ ಆಸ್ಪತ್ರೆಗೆ ಲಾರಿಯಲ್ಲಿ ಕಳಿಸುವುದು, ಅದಕ್ಕೂ ಮೊದಲು ಮತ್ತು ಬರಿಸುವ ಇಂಜೆಕ್ಷನ್, ಇಪ್ಪತ್ತೆಂಟರ ಮುದಿ ಎದೆಗೆ ಇಂಜೆಕ್ಷನ್ — ಏಳದಿರಬಹುದು ಸುಮನ ಅವರ, ಅದು ನನಗೂ ಗೊತ್ತೈತಿ, ಆದರ ಹಿಂಗ ಹುಚ್ಚ ಹಿಡಿದವರಂಗ ತಿರಗೂದನ್ನ ನೋಡಿಕೋತ ಹೆಂಗ ಕುಂಡರೂದ್ರಿ, ಎಂದಿದ್ದರು ಡಾಕ್ಟರ್, ಕನ್ನಡಕ ಒರೆಸುತ್ತ, ಅವರದೂ ತಪ್ಪಲ್ಲ. ನಾಲ್ಕನೆಯ ಕಾಲಮ್ಮಿಗೆ ಗೆರೆ ಎಳೆದಳು, ಪೆನ್ನು ಹಾಳೆ ಹರಿಯುವಷ್ಟು ಒತ್ತಿತು.

ಹುಕ್ಕೇರಿ ದಾರಿಯ ಈ ಸಣ್ಣ ಪ್ರಾಣಿಸಂಗ್ರಹಾಲಯಕ್ಕೆ ಕರೆವ್ವ ಬಂದಾಗ ಸುಮನಳಿಗೆ ಒಂಬತ್ತು, ಕೌಜಲಗಿ ಸಂತೆಯಲ್ಲಿ ಕುಣಿಸುತ್ತಿದ್ದವನಿಂದ ಅರಣ್ಯದವರು ಬಿಡಿಸಿ ತಂದಿದ್ದರು, ಮೂಗಿನ ತೂತಿನಲ್ಲಿ ಹಗ್ಗ ಇನ್ನೂ ಇತ್ತು, ಕೋರೆಹಲ್ಲು ಕಿತ್ತಿದ್ದರು, ಆ ಹಗ್ಗ ಕತ್ತರಿಸಿ ತೆಗೆದವನು ಅಪ್ಪ, ಯಲ್ಲಾರಿ, ಇಲ್ಲಿಯ ಮೊದಲ ಕರಡಿ ಕಾವಲುಗಾರ, ತೆಗೆದ ಮೇಲೆ ಮೂಗಿಗೆ ಎಣ್ಣೆ ಸವರುತ್ತ ತಾನೇ ಅತ್ತಿದ್ದ. ಆಮೇಲೆ ಪಂಜರ, ಸಿಮೆಂಟಿನ ನೆಲ, ಬೇಸಿಗೆಗೆ ಅಂಗಾಲು ಬಿರಿಯುತ್ತಿತ್ತು, ಕೆಲವು ವರ್ಷ ಕಳೆದು ಒಂದು ಟೈರು ತೂಗುಹಾಕಿದರು, ಆಮೇಲೊಂದು ನೀರಿನ ತೊಟ್ಟಿ, ಈಗ ಕಂದಕ, ಹುಲ್ಲು, ಹುತ್ತ, ಜೇನು ಸವರಿದ ಮರದ ದಿಮ್ಮಿ, ಇಪ್ಪತ್ತೈದು ವರ್ಷಕ್ಕೆ ಇಷ್ಟು, ಎಲ್ಲ ಬದಲಾಯಿತು, ಈ ಎಂಟು ಹೆಜ್ಜೆ ಬಿಟ್ಟು. ಎಂಟು ಯಾಕೆ ಎಂದು ಡಾಕ್ಟರ್ ಕೇಳಿದಾಗ ಹಳೆಯ ಪಂಜರದ ಉದ್ದ ಅಷ್ಟೇ ಇತ್ತು ಎಂದು ಹೇಳಿದ್ದಳು, ಖರೆ, ಆದರೆ ಪೂರ್ತಿ ಖರೆಯಲ್ಲ. ರವಿವಾರ ಫಾಲ್ಸ್ ನೋಡಿಕೊಂಡು ಮಂದಿ ಇಲ್ಲಿಗೂ ಬರುತ್ತಿದ್ದರು, ಕೈಯಲ್ಲಿ ಗೋಕಾಕದ ಕರದಂಟಿನ ಡಬ್ಬಿ, ಪಂಜರದ ಎರಡೂ ತುದಿಗೆ ಗದ್ದಲ, ಆ ಕಡೆಯವರು ಕಾಣವಲ್ದು ಎಂದರೆ ಈ ಕಡೆಯವರು ನಮಗೂ ಕಾಣವಲ್ದು, ಅಪ್ಪನೇ ಉಪಾಯ ಹುಡುಕಿದ್ದ, ಆ ತುದಿಗೆ ತಾನು, ಈ ತುದಿಗೆ ಮಗಳು, ಸರಳಿನೊಳಗೆ ಒಂದೊಂದು ಚೂರು ಕರದಂಟು, ಅಲ್ಲೊಂದು, ಇಲ್ಲೊಂದು, ಸುಮವ್ವಾ ಎಣಸ ನೋಡೂಣು, ಮತ್ತು ಅವಳು ಎರಡು ಜಡೆ ಕುಣಿಸುತ್ತ ಒಂದ, ಎರಡ, ಮೂರ, ಎಂಟಕ್ಕೆ ಮಂದಿ ಚಪ್ಪಾಳೆ, ನೋಡ್ರೆಪಾ ಕರಡಿಗೆ ಲೆಕ್ಕ ಬರ್ತೈತಿ, ನಿಮ್ಮ ಮಗನಿಗಿಂತ ಶಾಣ್ಯಾ ಐತಿ, ನಗು. ಎಷ್ಟು ರವಿವಾರ, ನಾಲ್ಕು ವರ್ಷದಷ್ಟು, ಕೋರೆಹಲ್ಲಿಲ್ಲದ ಬಾಯಿ, ಕಡಿಯಲು ಬರುವುದಿಲ್ಲ, ಕೆಳತುಟಿ ಸೌಟಿನ ಹಾಗೆ ಚಾಚಿ ಚೂರು ಹಿಡಿದು ಚೀಪುತ್ತಿತ್ತು, ಬೆರಳಿಗೆ ತಗುಲುತ್ತಿದ್ದ ಆ ಒದ್ದೆ, ಬೆಚ್ಚಗೆ, ಅಂಟಂಟು — ನಾಲ್ಕು ಗಂಟೆಯೊಳಗೆ ಇನ್ನೆಷ್ಟು ಗುರುತು ಬರೆಯಬೇಕು, ಎಣಿಸಬಾರದು, ಎಣಿಸಿದರೆ ತುಟಿ ಅಲುಗುತ್ತದೆ, ತನಗೆ ಬಾಲ್ಯದಿಂದಲೂ ಅದೇ ರೂಢಿ.

ಊಟಕ್ಕೆ ಕೂತಾಗ ತುಕ್ಕಾನಟ್ಟಿಯಿಂದ ಅಪ್ಪನ ಫೋನು, ಹೆಂಗದಾಳವ್ವ ಕರೆವ್ವ, ಹುತ್ತ ಕೆದರತಾಳೇನ, ಇಲ್ಲಪ್ಪ, ಬರೇ ತಿರಗತಾಳ, ಅಪ್ಪ ಕೆಮ್ಮಿದ, ನಾವ ಕಲಿಸಿದ್ದಲ್ಲವ್ವ ಅದು, ಎಂದ, ಪ್ರಶ್ನೆಯೋ ಅಲ್ಲವೋ ತಿಳಿಯದ ದನಿಯಲ್ಲಿ, ಡಾಕ್ಟರಿಗೆ ಹೇಳಬ್ಯಾಡ ಮತ್ತ ನಗತಾರ. ಬುತ್ತಿ ಕಟ್ಟಿಕೊಂಡು ವಾಪಸು ಬರುವಾಗ ಈಗಿನ ಕಾವಲುಗಾರ ಶಿವಪುತ್ರ ಬಕೆಟ್ ತೊಳೆಯುತ್ತಿದ್ದ, ಬಂದ್ರೇನ್ರಿ ಅಕ್ಕಾರ, ಆತು ಬಿಡ್ರಿ, ಇನ್ನ ಏಳತೈತಿ ನಿಮ್ಮ ಗೆಳತಿ, ಏನಂದೆಪಾ, ಅಲ್ರಿ ನೀವ ಊಟಕ್ಕ ಹೋದ್ರ ಹುತ್ತಕ್ಕ ಬಾಯಿ ಹಚ್ಚಿ ಕುಂತಬಿಡತೈತಿ, ನೀವ ಬಂದ್ರ ಎದ್ದ ಪರೇಡ್ ಚಾಲೂ, ಸಾಹೇಬರ ಬಂದಾಗ ಪೊಲೀಸರ ಎದ್ದಂಗ, ನಗುತ್ತ ಬಕೆಟ್ ಬೋರಲು ಹಾಕಿದ. ಅವಳು ನಗಲಿಲ್ಲ. ಊಟದ ಒಂದು ತಾಸು ಹಾಳೆಯಲ್ಲಿ ದಿನವೂ ಖಾಲಿ, ಯಾರೂ ನೋಡದ ತಾಸು. ಮೇವಿನ ಕೋಣೆಯ ಹಿಂದೆ, ಗಾಳಿ ತನ್ನ ಕಡೆ ಬೀಸುವಲ್ಲಿ, ಗೋಡೆಯ ಸಂದಿಗೆ ಕಣ್ಣಿಟ್ಟು ನಿಂತಳು, ಹತ್ತು ನಿಮಿಷ, ಇಪ್ಪತ್ತು, ಕರೆವ್ವ ಹುತ್ತದಲ್ಲಿ ಮೂತಿ ಹುಗಿದು ಗಾಳಿ ಎಳೆಯುತ್ತಿದೆ, ಆ ಸದ್ದು ಇಲ್ಲಿಯವರೆಗೆ, ಬೆನ್ನ ಮೇಲೆಲ್ಲ ಕೆಂಪು ಮಣ್ಣು, ಉಗುರು ನಿಧಾನ, ಅವಸರವಿಲ್ಲ, ಕರಡಿಯೆಂದರೆ ಇದೇ, ತಾನೆಂದೂ ನೋಡದ ಕರಡಿ. ಮತ್ತೆ ಕುರ್ಚಿಗೆ ಬಂದು ಕೂತಳು, ಉಸಿರು ಬಿಗಿಹಿಡಿದು, ಬೇಡ, ಏಳಬೇಡ, ಅದು ಮೂಗು ಎತ್ತಿತು, ಕಣ್ಣು ಮಂದ, ಮೂಗು ಮಂದವಲ್ಲ ಎಂದು ಪಾಠ ಹೇಳುವವಳು ತಾನು, ಎದ್ದಿತು, ಮಣ್ಣು ಕೊಡವಿತು, ಒಂದು, ಎರಡು — ಅತ್ತಲ ತುದಿಗೆ ನಿಲ್ಲುವುದೇ ಇಲ್ಲ, ಅಲ್ಲಿ ಈಗ ಅಪ್ಪನಿಲ್ಲ, ಸುಮ್ಮನೆ ಹೊರಳುತ್ತದೆ, ಇತ್ತಲ ತುದಿಗೆ ಮಾತ್ರ ಒಂದು ಗಳಿಗೆ ನಿಲ್ಲುತ್ತದೆ, ಏಳು ದಿನ ಇದನ್ನೇ ನೋಡಿ ಇದನ್ನೇ ಬರೆಯಲಿಲ್ಲ, ಅದಕ್ಕೊಂದು ಕಾಲಮ್ಮಿರಲಿಲ್ಲ. ಹೇಳಬೇಕು, ಡಾಕ್ಟರಿಗೆ ಎಲ್ಲವನ್ನೂ, ಕರದಂಟು, ಎಣಿಕೆ, ಚಪ್ಪಾಳೆ, ನಕ್ಕರೆ ನಗಲಿ, ಹಾಳೆಯೆಲ್ಲ ಸುಳ್ಳು, ಬರೆದವಳು ಎದುರಿಗೆ ಕೂತದ್ದರಿಂದಲೇ ಸುಳ್ಳು, ಬೇರೆಯವರು ಮರೆಯಲ್ಲಿ ನಿಂತು ಮತ್ತೊಂದು ವಾರ ನೋಡಲಿ, ಅಲ್ಲಿಯವರೆಗೆ ಲಾರಿ ಬೇಡ, ಮತ್ತು ತಾನು ಇನ್ನು ಇಲ್ಲಿಗೆ ಬರಬಾರದು, ಈ ವಾರವಲ್ಲ, ಎಂದಿಗೂ, ದೂರದಿಂದಲೂ, ಗಾಳಿ ಯಾವ ಕಡೆ ಇರುತ್ತದೋ ಯಾರು ಬಲ್ಲರು. ಗೇಟಿನಲ್ಲಿ ಜೀಪು ನಿಂತ ಸದ್ದು, ಡಾಕ್ಟರ್ ಇರಬೇಕು, ಎದ್ದಳು, ಚೀಲ ಹೆಗಲಿಗೇರಿಸಿದಳು, ತಿರುಗಿ ನೋಡಬಾರದು, ನೋಡಿದಳು, ಕರೆವ್ವ ಎಂಟು ಮುಗಿಸಿ ಕಂದಕದ ಅಂಚಿನಲ್ಲಿ ನಿಂತಿದೆ, ಈ ಸಲ ತಿರುಗಿಲ್ಲ, ಕೆಳತುಟಿ ಮುಂದೆ ಬಂದಿದೆ, ಒದ್ದೆಯಾಗಿ, ಮಣ್ಣು ಮೆತ್ತಿ, ಏನೂ ಇಲ್ಲದೆ ಚಾಚಿಕೊಂಡೇ ಇದೆ, ಆ ತುಟಿ, ಆ ತುಟಿ