ಮಹಮೂದರ ಫ್ಲಾಸ್ಕು

ಒಮಾನಿನ ಸೋಹಾರಿನಲ್ಲಿ ಅಕ್ಷಿತಾಳ ಗಂಡನ ದಹನ ಮುಗಿಸಿ ಬಂದವರೆಲ್ಲ ಅವರವರ ಮನೆ ಸೇರಿದ ಮೇಲಿನ ಮೊದಲ ಬೆಳಗು. ಅವಳ ಮನೆಯಿದ್ದ ವಾದಿ ಕಬೀರಿನ ಗ್ಯಾರೇಜುಗಳ ಶಟರು ಏಳಲಿಲ್ಲ. ರಾಷ್ಟ್ರೀಯ ದಿನದ ರಜೆ. ಅಕ್ಷಿತಾ ಒಂದೇ ಲೋಟ ತೊಳೆದು ಕವುಚಿಟ್ಟಳು.

ಕಪಾಟಿನ ಮೇಲೆ ಮಹಮೂದರ ಫ್ಲಾಸ್ಕು ಇತ್ತು. ರಿಯಾಮಿನಿಂದ ಗುಡ್ಡ ಹತ್ತಿ ಮತ್ರಾಕ್ಕೆ ಇಳಿಯುವ ಹಳೆಯ ಕಾಲುದಾರಿಯ ತುದಿಯಲ್ಲಿ ಆ ಒಮಾನಿ ಅಜ್ಜನ ಮನೆ. ರಸ್ತೆ ಬರುವ ಮೊದಲು ಊರಿಗೂರೇ ನಡೆದ ದಾರಿ ಅದು. ರಜೆ ಸಿಕ್ಕಿದರೆ ಅವಳ ಗಂಡ ಕೀರ್ತನ್ ಅಲ್ಲಿಗೇ ಓಡುತ್ತಿದ್ದ. ಕಳೆದ ಸಲ ಅಜ್ಜ ಮಿಕ್ಕ ಕಾಫಿಯನ್ನು ಫ್ಲಾಸ್ಕಿನ ಸಮೇತ ಕೊಟ್ಟು, ಇನ್ನೊಮ್ಮೆ ಬರುವಾಗ ತಾ ಎಂದಿದ್ದರಂತೆ. ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ತಮ್ಮೂರಿನ ಪದ್ಧತಿಯಲ್ಲ. ನಿನ್ನ ಹೆಸರುಬೇಳೆ ಪಾಯಸ ತುಂಬಿಸಿ ಕೊಡುವ ಎಂದು ಅವನು ಹೇಳುತ್ತಲೇ ಇದ್ದ. ಅವಳು ಮುಂದಿನ ರಜೆಗೆ ಎನ್ನುತ್ತಲೇ ಇದ್ದಳು.

ಬರುವ ವಾರ ಅವಳು ಊರಿಗೆ. ಅವನ ವೀಸಾದ ಮೇಲೆಯೇ ಅವಳದೂ ನಿಂತಿತ್ತು. ಫ್ಲಾಸ್ಕು ಇಲ್ಲೇ ಉಳಿದರೆ, ಅಜ್ಜನ ಮನಸ್ಸಿನಲ್ಲಿ ಕೀರ್ತನ್ ಒಯ್ದದ್ದನ್ನು ಕೊಡದವನಾಗಿಯೇ ಉಳಿಯುತ್ತಾನೆ. ಖಾಲಿ ಕೊಡಲು ಮನಸ್ಸು ಬಾರದು. ಸೂತಕದ ಒಲೆಯಿಂದ ಹೊರಗಿನವರಿಗೆ ಏನನ್ನೂ ಕೊಡುವಂತಿಲ್ಲ.

ಕೆಳಗಿನ ಮನೆಯ ಕ್ಲೆಮೆಂಟಿನಾ ಸಾವಿನ ದಿನದಿಂದಲೂ ತರುತ್ತಿದ್ದಂತೆ ಗಂಜಿ, ಚಟ್ನಿ ತಂದಾಗ ಅಕ್ಷಿತಾ ಇದನ್ನೆಲ್ಲ ಹೇಳಿದಳು. ಅಷ್ಟು ದಿನಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದೇ.

"ನನ್ನ ಗ್ಯಾಸಿಗೆ ಎಂತ ಸೂತಕ ಮಾರಾಯ್ತಿ?" ಎಂದರು ಕ್ಲೆಮೆಂಟಿನಾ. "ಬೆಲ್ಲ ಉಂಟು, ತೆಂಗಿನಕಾಯಿ ಉಂಟು. ಕೈ ಮಾತ್ರ ನಿಂದು."

ತೆಂಗಿನಕಾಯಿ ತುರಿದು ಹಾಲು ಹಿಂಡಿ, ಪಾಯಸ ಕುದಿಸಿ ಫ್ಲಾಸ್ಕಿಗೆ ತುಂಬುವಷ್ಟರಲ್ಲಿ ಅವರ ಗಂಡ ಪಿಯುಸ್ ಕಾರು ತೆಗೆದಿದ್ದರು.

ರಿಯಾಮಿನಲ್ಲಿ ರಜೆಯ ಜನ ಬಾವುಟ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಲ್ಲಿನ ಮೆಟ್ಟಿಲುಗಳು ಅಲ್ಲಿಂದಲೇ ಶುರು. ಬಂಡೆಗಳ ಮೇಲೆ ಬಣ್ಣದ ಗುರುತು; ಮೇಲೇರಿದಂತೆ ಹಿಂದೆ ಸಮುದ್ರ. ಅಕ್ಷಿತಾ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡು ಹತ್ತಿದಳು. ಕ್ಲೆಮೆಂಟಿನಾ ಎರಡೆರಡು ಹೆಜ್ಜೆಗೆ ನಿಂತು ತಮ್ಮ ಮಂಡಿಯನ್ನೂ ಗಂಡನನ್ನೂ ಬೈದರು. ಪಿಯುಸ್ ಒಂದು ತಿರುವಿನಲ್ಲಿ ಮೆಟ್ಟಿಲನ್ನು ಕಾಲಿನಿಂದ ತಟ್ಟಿದರು.

"ಇದನ್ನು ನಮ್ಮೂರಿನ ದೂಮಪ್ಪಜ್ಜನೇ ಬಂದು ಕಟ್ಟಿದ್ದು ಅಂತ ಬುರುಡೆ ಬಿಡ್ತಿದ್ದ ನಿನ್ನ ಗಂಡ. ಪ್ರತಿ ಸಲ. ನಾನೂ ಪ್ರತಿ ಸಲ ಹೌದಾ ಅಂತಿದ್ದೆ."

ಅವಳ ಗಂಟಲಿನಿಂದ ಏನೋ ಹೊರಬಂತು. ನಗುವೇ ಇರಬೇಕು. ಕೂಡಲೇ ಕಣ್ಣು ತುಂಬಿತು. ದಹನದ ದಿನವೂ ಬಾರದ ನೀರು. ಗಂಡ ಹೆಂಡತಿ ಇಬ್ಬರೂ ಸಮುದ್ರದ ಕಡೆ ತಿರುಗಿ ನಿಂತರು.

ಪಾಳುಬಿದ್ದ ಮನೆಗಳನ್ನು ದಾಟಿ ಇಳಿದಾಗ ಮಹಮೂದ್ ಬಾಗಿಲಲ್ಲೇ ಕುಳಿತಿದ್ದರು. ಪಿಯುಸರ ಗುರುತು ಹಿಡಿದು, ಕೀರ್ತನ್ ಎಲ್ಲಿ, ಫ್ಲಾಸ್ಕಿಗೆ ಹೆದರಿ ಅಡಗಿದ್ದಾನೋ ಎಂದು ಹಿಂದಿಯಲ್ಲಿ ಕೇಳಿ ನಕ್ಕರು. ಪಿಯುಸ್ ತಲೆ ತಗ್ಗಿಸಿದರು. ಆ ಮಾತನ್ನು ಅಕ್ಷಿತಾಳೇ ಹೇಳಬೇಕಾಯಿತು. ಮೊದಲ ಬಾರಿಗೆ ಹೇಳಿದಳು.

ಅಜ್ಜ ಎದ್ದು ನಿಂತರು. ತುಟಿ ಸ್ವಲ್ಪ ಹೊತ್ತು ಪ್ರಾರ್ಥನೆಯಲ್ಲಿ ಅಲುಗಿತು.

"ಅವರು ಮರೆತಿರಲಿಲ್ಲ ಬಾಬಾ," ಎಂದಳು ತನ್ನ ಹರಕು ಹಿಂದಿಯಲ್ಲಿ. "ಖಾಲಿ ಕೊಡಬಾರದು ಅಂತ ಇಟ್ಟುಕೊಂಡಿದ್ದರು."

ಅಜ್ಜ ಎರಡೂ ಕೈ ಚಾಚಿದರು. ಅವಳು ಫ್ಲಾಸ್ಕನ್ನು ಆ ಕೈಗಳಲ್ಲಿಟ್ಟು, ಬಿಸಿ ಇದೆ, ಜೋಪಾನ ಎಂದಳು.